ಗರಗಸ ಓದೋಕೆ ಫೋನಿಕ್ಸ್ ಬೇಕಾ?

(ಅಕ್ಕ ಮೈಸೂರು ಸೀಮೆಯ ಒಂದು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಪದ್ಧತಿಯಲ್ಲಿ ಕಲಿಸುವ ಟೀಚರು. ತಮ್ಮ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನ ಮಗಳು ಪುಟ್ಟಿ ಯುಕೆಜಿ ಓದುತ್ತಿದ್ದಾಳೆ.)

ತಮ್ಮ: ಅಕ್ಕ, ಒಂದು ಕೇಳ್ತೀನಿ, ನಗಬೇಡ. ಕನ್ನಡ ಕಲಿಸೋಕೂ ಫೋನಿಕ್ಸ್ ಕ್ಲಾಸ್ ಬಂದಿದೆಯಂತೆ, ಅಕ್ಷರದ ಸದ್ದು ಹಿಡಿದು ಓದು ಕಲಿಸೋದು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಲ್ಲಿ ಜಾಹೀರಾತು ಹಾಕಿದಾರೆ. ಪುಟ್ಟಿ ಇಂಗ್ಲಿಷ್ ಫೋನಿಕ್ಸ್‌ಗೆ ಶನಿವಾರ ಶನಿವಾರ ಹೋಗ್ತಾನೇ ಇದಾಳೆ. ಇದಕ್ಕೂ ಸೇರಿಸಿಬಿಡೋಣ ಅಂತ ನನ್ನ ಹೆಂಡತಿ ಹೇಳ್ತಿದಾಳೆ.

ಅಕ್ಕ: ಮೊದಲು ಶನಿವಾರದ್ದು ಹೇಗೆ ನಡೀತಿದೆ ಹೇಳು.

ತಮ್ಮ: ಚೆನ್ನಾಗೇ ನಡೀತಿದೆ. ಅಕ್ಷರದ ಕಾರ್ಡ್ ತೋರಿಸಿದರೆ ಸಾಕು, ಪಟಪಟ ಅಂತ ಸದ್ದು ಹೇಳ್ತಾಳೆ. ‘ಎಸ್’ ಬಂದರೆ ಕೈಯನ್ನ ಹಾವಿನ ಥರ ಆಡಿಸಿ ‘ಸ್ಸ್ಸ್’ ಅಂತಾಳೆ. ‘ಎ’ ಬಂದರೆ ತೋಳ ಮೇಲೆ ಇರುವೆ ಹತ್ತಿದ ಹಾಗೆ ಬೆರಳು ಓಡಿಸ್ತಾಳೆ. ‘ಪಿ’ ಬಂದರೆ ಮೇಣದಬತ್ತಿ ಊದ್ತಾಳೆ. ನೋಡೋಕೆ ಚೆಂದ. ಒಂದೇ ತೊಂದರೆ, ಕೂಡಿಸೋಕೆ ಬರ್ತಿಲ್ಲ. ಸಿ-ಎ-ಟಿ ಬರೆದುಕೊಟ್ಟೆ. ‘ಕಹ... ಆ್ಯಹ... ಟಹ’ ಅಂತ ಮೂರನ್ನೂ ಹೇಳಿದಳು. ಸೇರಿಸಿ ಹೇಳು ಪುಟ್ಟಿ ಅಂದರೆ ‘ಕಹಾಟಹ’ ಅಂದು ನನ್ನ ಮುಖ ನೋಡಿದಳು.

ಅಕ್ಕ: ಅವಳು ಸರಿಯಾಗೇ ಹೇಳಿದಾಳಲ್ಲೋ. ಕಹ, ಆ್ಯಹ, ಟಹ ಮೂರನ್ನೂ ಸೇರಿಸಿದರೆ ಇನ್ನೇನು ಬರುತ್ತೆ, ಬೆಕ್ಕು ಬರುತ್ತಾ? ಅದು ಹೇಳಿಕೊಟ್ಟವರ ಬಾಯಿಯ ತೊಂದರೆ. ಆ ವಿಷಯಕ್ಕೆ ಆಮೇಲೆ ಬರ್ತೀನಿ. ಈ ಫೋನಿಕ್ಸ್ ಯಾಕೆ ಬೇಕಾಯ್ತು ಅಂತ ಯೋಚನೆ ಮಾಡಿದೀಯ?

ತಮ್ಮ: ಓದಿದೀನಿ ಕಣಕ್ಕ. ದುಡ್ಡು ಕಟ್ಟೋಕೆ ಮುಂಚೆ ಅಷ್ಟಾದರೂ ಓದಬೇಡವಾ? ಅಮೆರಿಕದ ಶಾಲೆಗಳಲ್ಲಿ ಇಡೀ ಪದವನ್ನ ಚಿತ್ರ ನೋಡಿದ ಹಾಗೆ ನೋಡಿ ನೆನಪಿಟ್ಟುಕೊಳ್ಳೋ ಪದ್ಧತಿ ನಡೀತಿತ್ತು. ಮಗು ಅಕ್ಷರ ಬಿಡಿಸೋದಿಲ್ಲ, ‘ಲುಕ್’ ಅಂದರೆ ಆ ಪದದ ಆಕಾರಾನೇ ಗುರುತು. 1955ರಲ್ಲಿ ರುಡಾಲ್ಫ್ ಫ್ಲೆಶ್ ಅನ್ನೋರು ‘ವೈ ಜಾನಿ ಕಾಂಟ್ ರೀಡ್’ ಅಂತ ಪುಸ್ತಕ ಬರೆದು ಇದನ್ನ ಚೆನ್ನಾಗಿ ಝಾಡಿಸಿದರು. ಅಲ್ಲಿಂದ ಶುರುವಾದ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. 2000ದಲ್ಲಿ ಅಮೆರಿಕದ ನ್ಯಾಷನಲ್ ರೀಡಿಂಗ್ ಪ್ಯಾನೆಲ್, ಕ್ರಮವಾಗಿ ಸದ್ದು ಕಲಿಸಿದರೆ ಮಕ್ಕಳು ಚೆನ್ನಾಗಿ ಓದ್ತಾರೆ ಅಂತ ವರದಿ ಕೊಡ್ತು. 2006ರಲ್ಲಿ ಇಂಗ್ಲೆಂಡಿನಲ್ಲಿ ಜಿಮ್ ರೋಸ್ ವರದಿ ಬಂತು, ಅದೂ ಅದನ್ನೇ ಹೇಳ್ತು. 2012ರಿಂದ ಅಲ್ಲಿ ಆರು ವರ್ಷದ ಆಸುಪಾಸಿನ ಮಕ್ಕಳಿಗೆಲ್ಲ ಒಂದು ಪರೀಕ್ಷೆ ಇದೆ. 40 ಪದ ಓದಬೇಕು. ಅದರಲ್ಲಿ ಅರ್ಧ ನಿಜವಾದ ಪದಗಳೇ ಅಲ್ಲ, ಕಟ್ಟಿದ ಪದಗಳು! ಪಕ್ಕದಲ್ಲಿ ಒಂದು ವಿಚಿತ್ರ ಪ್ರಾಣಿಯ ಚಿತ್ರ ಹಾಕಿರ್ತಾರೆ, ಇದು ಅದರ ಹೆಸರು ಅಂತ. ಬಾಯಿಪಾಠ ಮಾಡಿದ ಮಗು ಅಲ್ಲಿ ಸಿಕ್ಕಿಬೀಳುತ್ತೆ.

ಅಕ್ಕ: ಜಾಣತನದ ಪರೀಕ್ಷೆ. ನೀನು ಹೇಳಿದ್ದೆಲ್ಲ ಸರಿ, ಅದೆಲ್ಲ ಇಂಗ್ಲಿಷಿನ ಕಷ್ಟಕ್ಕೆ ಕಂಡುಕೊಂಡ ದಾರಿ. ಇಂಗ್ಲಿಷಿನಲ್ಲಿ ಅಕ್ಷರದ ಹೆಸರು ಒಂದು, ಅದು ಮಾಡೋ ಸದ್ದು ಇನ್ನೊಂದು. ‘ಡಬ್ಲ್ಯೂ’ ಅನ್ನೋ ಹೆಸರಿನ ಮೊದಲಿಗೆ ವಕಾರವೇ ಇಲ್ಲ. ‘ಎಚ್’ ಅನ್ನೋ ಹೆಸರಲ್ಲಿ ಹಕಾರ ಹುಡುಕು ನೋಡೋಣ. ಅಕ್ಷರ 26, ಸದ್ದು ಹೆಚ್ಚುಕಡಿಮೆ 44. ‘ಎ’ ಒಂದನ್ನೇ ತಗೋ. ಕ್ಯಾಟ್‌ನಲ್ಲಿ ಒಂದು ಥರ, ಕೇಕ್‌ನಲ್ಲಿ ಒಂದು ಥರ, ಕಾರ್‌ನಲ್ಲಿ ಒಂದು ಥರ, ಬಾಲ್‌ನಲ್ಲಿ ಮತ್ತೊಂದು ಥರ. ಹೆಸರು ಕಲಿತ ಮಗು ಸಿ-ಎ-ಟಿ ನೋಡಿ ‘ಸೀಯೇಟೀ’ ಅನ್ನಬೇಕಷ್ಟೆ. ಆ ಭಾಷೆಯವರು ಹೆಸರು ಆಮೇಲೆ ಇರಲಿ, ಸದ್ದು ಮೊದಲು ಕಲಿಸೋಣ ಅಂತ ತೀರ್ಮಾನ ಮಾಡಿದ್ದು ನ್ಯಾಯವಾಗೇ ಇದೆ. ಕನ್ನಡದ ಮಗುವಿಗೆ ಆ ಗ್ರಹಚಾರ ಯಾಕೆ? ‘ರ’ ಅನ್ನೋ ಅಕ್ಷರದ ಹೆಸರೂ ರ, ಸದ್ದೂ ರ. ಜಾಹೀರಾತಿನವರು ಏನನ್ನ ಬಿಡಿಸಿಕೊಡ್ತಾರಂತೆ?

ತಮ್ಮ: ‘ಕ’ ಅಂದರೆ ‘ಕ್’ ಮತ್ತು ‘ಅ’ ಅಂತ ಬಿಡಿಸಿ ಕಲಿಸ್ತಾರಂತೆ. ನಾಲ್ಕು ವರ್ಷದಿಂದಲೇ.

ಅಕ್ಕ: ಅಯ್ಯೋ ಶಿವನೇ.

ತಮ್ಮ: ಯಾಕೆ? ವ್ಯಾಕರಣದಲ್ಲಿ ಅದೇ ತಾನೇ ಇರೋದು?

ಅಕ್ಕ: ವ್ಯಾಕರಣದಲ್ಲಿ ಇದೆ. ಅದು ಎಂಟನೇ ಕ್ಲಾಸಿನವರಿಗೆ. ನಾಲ್ಕು ವರ್ಷದ ಮಗುವಿನ ಕಿವಿಯಲ್ಲಿ ಇಲ್ಲ. ಇಲ್ಲೇ ಪರೀಕ್ಷೆ ಮಾಡು. ಪಕ್ಕದ ಮನೆ ಮಗುವನ್ನ ಕರೆದು, ‘ಮರ’ದಲ್ಲಿ ಮೊದಲನೇ ಸದ್ದು ತೆಗೆದುಬಿಟ್ಟರೆ ಏನು ಉಳಿಯುತ್ತೆ ಅಂತ ಕೇಳು. ‘ರ’ ಅನ್ನುತ್ತೆ. ‘ಅರ’ ಅನ್ನೋದಿಲ್ಲ. ಅದರ ಕಿವಿಗೆ ‘ಮ’ ಒಂದೇ ಸದ್ದು, ಒಡೆಯೋಕೆ ಬರೋದಿಲ್ಲ. ಇಂಗ್ಲಿಷ್ ಮಗುವಿಗೆ ‘ಮ್ಯಾಟ್’ನಲ್ಲಿ ಮೊದಲ ಸದ್ದು ತೆಗೆದು ‘ಆ್ಯಟ್’ ಅನ್ನೋದನ್ನ ಕಲಿಸಲೇಬೇಕು, ಯಾಕೆಂದರೆ ಆ ಲಿಪಿ ಅಷ್ಟು ಸಣ್ಣ ಚೂರುಗಳ ಮೇಲೆ ನಿಂತಿದೆ. ನಮ್ಮ ಲಿಪಿ ನಿಂತಿರೋದು ಬಾಯಲ್ಲಿ ಒಂದೇ ಸಲಕ್ಕೆ ಹೊರಡೋ ತುಂಡಿನ ಮೇಲೆ. ಸೋನಾಲಿ ನಾಗ್ ಅನ್ನೋರು ಕನ್ನಡ ಶಾಲೆಗಳ ಮಕ್ಕಳನ್ನೇ ಇಟ್ಟುಕೊಂಡು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಮಕ್ಕಳಿಗೆ ಇಡೀ ಅಕ್ಷರದ ಸದ್ದು ಬೇಗ ಹಿಡಿತಕ್ಕೆ ಬರುತ್ತೆ, ಅದರೊಳಗಿನ ಚೂರು ನಿಧಾನಕ್ಕೆ ಬರುತ್ತೆ ಅಂತ ಅವರು ತೋರಿಸಿದಾರೆ. ನಮ್ಮ ಅಕ್ಷರಗಳೆಲ್ಲ ಪೂರ್ತಿ ಕೈಗೆ ಹತ್ತೋಕೆ ನಾಲ್ಕನೇ ಕ್ಲಾಸಿನವರೆಗೂ ಹಿಡಿಯುತ್ತೆ ಅಂತಲೂ ಇದೆ. ನಮಗೆ ದಿನಾ ಕಾಣೋ ಸತ್ಯ ಅದು.

ತಮ್ಮ: ಹಾಗಾದರೆ ‘ಇ’ಕಾರ, ‘ಉ’ಕಾರ ಎಲ್ಲ ಮಗುವಿಗೆ ಹೇಗೆ ತಿಳಿಯುತ್ತೆ?

ಅಕ್ಕ: ತಾನಾಗೇ ತಿಳಿಯುತ್ತೆ, ಬರೆದದ್ದರ ಮೂಲಕ. ನನ್ನ ಕ್ಲಾಸಿನಲ್ಲಿ ಒಂದು ಹುಡುಗಿಗೆ ಗಿ, ರಿ, ಸಿ ಕಲಿಸಿದ್ದೆ. ‘ದಿ’ ಇನ್ನೂ ಹೇಳಿಕೊಟ್ಟಿರಲಿಲ್ಲ. ಕಾರ್ಡು ತೋರಿಸಿದೆ, ‘ದಿ’ ಅಂದಳು. ಹೇಗೆ ಗೊತ್ತಾಯ್ತೇ ಅಂದೆ. ‘ತಲೆ ಮೇಲೆ ಗುಂಡಗಿದೆಯಲ್ಲ ಮಿಸ್’ ಅಂದಳು. ಆ ಗುಂಡಗಿರೋದು ಎಲ್ಲಿ ಕೂತರೂ ಒಂದೇ ಸದ್ದು ಕೊಡುತ್ತೆ ಅಂತ ಅವಳೇ ಕಂಡುಕೊಂಡಳು. ಗುಡಿಸು ಅನ್ನೋ ಹೆಸರು ಆಮೇಲೆ ಹೇಳಿದೆ. ‘ಕ್’ ಬೇರೆ ‘ಅ’ ಬೇರೆ ಅನ್ನೋ ತಿಳಿವಳಿಕೆಗೆ ಕಾಗುಣಿತವೇ ಬಾಗಿಲು. ಅದನ್ನ ಮುಂಚೆಯೇ ಒಡೆದು ನಾಲ್ಕು ವರ್ಷದ ಮಗುವಿನ ಮುಂದೆ ಇಟ್ಟು, ‘ಕ್ ಪ್ಲಸ್ ಅ’ ಅಂತ ಹಾಡು ಹೇಳಿಸಿ, ಅದಕ್ಕೆ ಫೀಸು ಬೇರೆ.

ತಮ್ಮ: ಅಂದರೆ ನಮ್ಮ ಕಾಲದ ಅ ಆ ಇ ಈ, ಸ್ಲೇಟು ತುಂಬ ತಿದ್ದೋದೇ ಸರಿ ಅಂತೀಯಾ?

ಅಕ್ಕ: ಅದನ್ನೂ ಹೇಳೋದಿಲ್ಲ. ವರ್ಣಮಾಲೆಯ ಕ್ರಮ ಇದೆಯಲ್ಲ, ಗಂಟಲಿಂದ ತುಟಿವರೆಗೂ ಸದ್ದು ಹುಟ್ಟೋ ಜಾಗ ಹಿಡಿದು ಜೋಡಿಸಿದ್ದು, ಅದು ಬಹಳ ಬುದ್ಧಿವಂತರ ಕೆಲಸ. ವ್ಯಾಕರಣ ಬರೆದ ಕೇಶಿರಾಜನಂಥವರಿಗೆ ಬೇಕಾದ ಕ್ರಮ. ಆದರೆ ಓದೋಕೆ ಕಲಿಯೋ ಮಗುವಿಗೆ ಅದರಿಂದ ಏನು ಸಿಗುತ್ತೆ ಹೇಳು? ಅ ಆ ಇ ಈ ಉ ಊ ಅಂತ ದಿನಗಟ್ಟಲೆ ತಿದ್ದುತ್ತೆ. ಆ ಅಕ್ಷರಗಳನ್ನ ಮಾತ್ರ ಇಟ್ಟುಕೊಂಡು ಓದೋಕೆ ಎಷ್ಟು ಪದ ಸಿಗುತ್ತೆ? ಕನ್ನಡದಲ್ಲಿ ಬಿಡಿ ಸ್ವರ ಬರೋದೇ ಪದದ ಮೊದಲಿಗೆ, ಅದರ ಪಕ್ಕ ವ್ಯಂಜನ ಬೇಕು. ಏಳನೇ ಅಕ್ಷರವೇ ‘ಋ’, ಗಡ್ಡದ ಋಷಿಯ ಚಿತ್ರ ಜೊತೆಗೆ. ‘ರ’ ಸಿಗೋ ಹೊತ್ತಿಗೆ ಎಷ್ಟು ತಿಂಗಳೋ. ಆ ದಾರಿಯಲ್ಲಿ ಓದು ಬಿಟ್ಟು ಹೋದ ಮಕ್ಕಳೆಷ್ಟೋ.

ತಮ್ಮ: ನಲಿ-ಕಲಿಯಲ್ಲಿ ಬೇರೆ ಕ್ರಮ ಅಲ್ವಾ?

ಅಕ್ಕ: ಬೇರೆಯೇ. ಮೊದಲ ಐದು ಅಕ್ಷರ ರ, ಗ, ಸ, ದ, ಅ. ಈ ಐದನ್ನೇ ಇಟ್ಟುಕೊಂಡು ಪದ ಮಾಡು ನೋಡೋಣ.

ತಮ್ಮ: ಸರ. ಅಗಸ... ಅರಸ... ದರ.

ಅಕ್ಕ: ದಸರ. ಮೈಸೂರು ಸೀಮೆಯ ಮಗುವಿಗೆ ಇನ್ನೇನು ಬೇಕು? ಗರಗಸ. ಸರಸರ. ಆರು ವರ್ಷದ ಮಗು ‘ಗರಗಸ’ ಅಂತ ನಾಲ್ಕು ಅಕ್ಷರದ ಪದವನ್ನ ತಾನಾಗೇ ಓದಿದಾಗ ಅದರ ಮುಖ ನೋಡಬೇಕು ನೀನು. ಒಂದು ಕೊಂಬಿಲ್ಲ, ಇಳಿಯಿಲ್ಲ, ಒತ್ತಿಲ್ಲ. ಆಮೇಲೆ ಜ, ವ, ಮ, ಬ, ನ. ಆಗ ಮರ, ವನ, ಜನ, ನಗ, ಬಸವ, ಮದನ ಎಲ್ಲ ಬರುತ್ತೆ. ಈಗ ನಿನ್ನ ಫೋನಿಕ್ಸಿನ ಮೊದಲ ಅಕ್ಷರಗಳು ಯಾವುವು ಹೇಳು.

ತಮ್ಮ: ಎಸ್, ಎ, ಟಿ, ಐ, ಪಿ, ಎನ್. ಜಾಲಿ ಫೋನಿಕ್ಸಿನ ಕ್ರಮ ಅದು. ಸ್ಯಾಟ್, ಪಿನ್, ಟ್ಯಾಪ್, ನ್ಯಾಪ್... ಓ! ಎರಡೂ ಒಂದೇ ಉಪಾಯ.

ಅಕ್ಕ: ಒಂದೇ. ಹೆಚ್ಚು ಪದ ಹುಟ್ಟಿಸೋ ಅಕ್ಷರ ಮೊದಲು ಕೊಡು, ಮಗು ಮೊದಲ ವಾರದಿಂದಲೇ ಓದಲಿ. ಜಾಲಿ ಫೋನಿಕ್ಸ್ ಪುಸ್ತಕ ಇಂಗ್ಲೆಂಡಿನಲ್ಲಿ 1992ರಲ್ಲಿ ಬಂತು. ನಲಿ-ಕಲಿ 1995ರಲ್ಲಿ ಇಲ್ಲೇ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಯ್ತು, ಯುನಿಸೆಫ್ ನೆರವಿನಿಂದ. ಆಂಧ್ರದ ರಿಷಿ ವ್ಯಾಲಿಯ ಸುತ್ತಿನ ಹಳ್ಳಿ ಶಾಲೆಗಳಲ್ಲಿ ಕಾರ್ಡು, ಕಲಿಕೆಯ ಏಣಿ ಇಟ್ಟುಕೊಂಡು ಕಲಿಸೋದನ್ನ ನಮ್ಮ ಮೇಷ್ಟ್ರುಗಳು ಹೋಗಿ ನೋಡಿಕೊಂಡು ಬಂದರು, ಇಲ್ಲಿಗೆ ತಕ್ಕ ಹಾಗೆ ಮಾಡಿಕೊಂಡರು. 2009ರಿಂದ ರಾಜ್ಯದ ಎಲ್ಲ ಸರ್ಕಾರಿ ಶಾಲೆಗೂ ಬಂತು. ಬೆಂಗಳೂರಿನಲ್ಲಿ ಹೊಸದು ಅಂತ ಮಾರ್ತಿರೋದರ ಒಳ್ಳೆಯ ಭಾಗ, ಕೋಟೆಯ ಹ್ಯಾಂಡ್‌ಪೋಸ್ಟ್ ಬಸ್‌ಸ್ಟ್ಯಾಂಡಿನ ಆಚೆ ಹಳ್ಳಿಯ ಮಕ್ಕಳಿಗೆ ಪುಕ್ಕಟೆಯಾಗಿ ಸಿಕ್ಕಿತ್ತು ಕಣೋ.

ತಮ್ಮ: ಪುಕ್ಕಟೆ ಸಿಕ್ಕಿತ್ತು ಸರಿ. ಅಷ್ಟು ಚೆನ್ನಾಗಿದ್ದರೆ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಬಂದರೂ ಓದೋಕೆ ಬಾರದ ಮಕ್ಕಳು ಯಾಕಿದಾರೆ? ಮಕ್ಕಳ ಓದು, ಲೆಕ್ಕ ಅಳೆಯೋ ‘ಅಸರ್’ ವರದಿ ಬಂದಾಗಲೆಲ್ಲ ಪೇಪರಿನಲ್ಲಿ ಓದ್ತೀವಲ್ಲ.

ಅಕ್ಕ: ಇದಾರೆ. ಮುಚ್ಚಿಡೋದಿಲ್ಲ. ಒಂದು, ಎರಡು, ಮೂರು ಮೂರೂ ಕ್ಲಾಸಿನವರು ಒಂದೇ ಕೋಣೆ. ಒಬ್ಬಳೇ ಟೀಚರು. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಅಂತ ನೋಡಿ, ಆ ಗುಂಪಿನಲ್ಲಿ ಕೂರಿಸಿ, ಕಾರ್ಡು ಕೊಟ್ಟು, ಪ್ರಗತಿ ನೋಟ ತುಂಬಿಸೋ ಹೊತ್ತಿಗೆ ಬಿಸಿಯೂಟದ ಗಂಟೆ. ಅಪ್ಪ ಅಮ್ಮ ಕೊಡಗಿಗೆ ಕಾಫಿ ಕುಯ್ಲಿಗೆ ಹೋದರೆ ಮಗುವೂ ಹೋಗುತ್ತೆ. ತಿಂಗಳು ಬಿಟ್ಟು ಬಂದರೆ ‘ಗರಗಸ’ವೂ ಮರೆತುಹೋಗಿರುತ್ತೆ. ಪದ್ಧತಿ ಎಷ್ಟೇ ಒಳ್ಳೆಯದಾಗಲಿ, ಮಗುವಿನ ಪಕ್ಕ ಕೂರೋ ಜನ ಬೇಕು. ಅದು ನಿಮ್ಮ ಶನಿವಾರದ ಕ್ಲಾಸಿಗೂ ಅಷ್ಟೇ.

ತಮ್ಮ: ಅದಿರಲಿ. ನನ್ನ ವಾದ ಇಷ್ಟು. ಕನ್ನಡ ಹೇಗೆ ಬರೀತೀವೋ ಹಾಗೇ ಓದೋದು. ಸುಲಭ. ಹಾಗಾಗಿ ಕಲಿಸೋಕೆ ಪದ್ಧತಿಯೇ ಬೇಕಿಲ್ಲ ಅಂತಾಗುತ್ತಲ್ಲ?

ಅಕ್ಕ: ಸುಲಭ ಅಂತ ಯಾರು ಹೇಳಿದರು? ಭಾಷಣ ಮಾಡೋರು ಹೇಳ್ತಾರೆ. 34 ವ್ಯಂಜನಕ್ಕೂ ಪೂರ್ತಿ ಕಾಗುಣಿತ ಹಾಕು, ಐನೂರು ದಾಟುತ್ತೆ. ಅದರ ಮೇಲೆ ಒತ್ತು. ಪ, ಷ, ಫ ಅಕ್ಕತಂಗಿಯರ ಹಾಗಿವೆ. ‘ವು’ ಬರೆದರೆ ‘ಮ’ ಅಂತ ಓದೋ ಮಕ್ಕಳು ಪ್ರತಿ ವರ್ಷ ಇರ್ತಾರೆ. ಎಲ್ಲಕ್ಕಿಂತ ದೊಡ್ಡ ತಾಪತ್ರಯ ಅರ್ಕಾವತ್ತು. ‘ಸೂರ್ಯ’ ಬರೆದು ನೋಡು. ರಕಾರ ಬಾಯಲ್ಲಿ ಮೊದಲು, ‘ಯ’ ಆಮೇಲೆ. ಕಾಗದದ ಮೇಲೆ ‘ಯ’ ಮೊದಲು, ಅರ್ಕಾವತ್ತು ಆಮೇಲೆ. ಎಡದಿಂದ ಬಲಕ್ಕೆ ನಿಯತ್ತಾಗಿ ಓದೋ ಮಗು ‘ಸೂಯರ್’ ಅನ್ನುತ್ತೆ. ಸದ್ದಿನ ಪಾಠವನ್ನ ಶ್ರದ್ಧೆಯಿಂದ ಕಲಿತಿರೋ ಮಗುವೇ ಈ ತಪ್ಪು ಮಾಡೋದು, ನೆನಪಿಟ್ಟುಕೋ. ಬೈದರೆ ಅನ್ಯಾಯ.

ತಮ್ಮ: ಸೊನ್ನೆಯಾದರೂ ಸುಲಭ ಅಲ್ವಾ?

ಅಕ್ಕ: ಸೊನ್ನೆಯಾ? ಮೂಗಿನ ಮೇಲೆ ಬೆರಳಿಟ್ಟುಕೊಂಡು ನಿಧಾನಕ್ಕೆ ಹೇಳು. ಅಂಗಡಿ. ಅಂಚೆ. ಗಂಟೆ. ಹಂದಿ. ಅಂಬಾರಿ. ನಾಲಿಗೆ ಎಲ್ಲೆಲ್ಲಿ ಹೋಗ್ತಿದೆ ನೋಡಿಕೋ.

ತಮ್ಮ: ಅಂಗಡಿಗೆ ಹಿಂದೆ ಹೋಯ್ತು. ಹಂದಿಗೆ ಹಲ್ಲಿಗೆ ತಾಗ್ತು. ಅಂಬಾರಿಗೆ ತುಟಿಯೇ ಮುಚ್ಚಿಕೊಳ್ತು. ಅರೇ, ಐದೂ ಬೇರೆ ಬೇರೆ!

ಅಕ್ಕ: ಒಂದೇ ಸೊನ್ನೆ, ಐದು ಸದ್ದು. ಮುಂದಿನ ಅಕ್ಷರ ಯಾವ ವರ್ಗದ್ದೋ ಸೊನ್ನೆ ಆ ವರ್ಗದ ಅನುನಾಸಿಕ. ಇದನ್ನ ಮಗುವಿಗೆ ನಿಯಮ ಅಂತ ಹೇಳೋಕೆ ಹೋದರೆ ಕೆಟ್ಟಿತು. ಹೇಳೋದೂ ಬೇಡ. ಯಾಕೆಂದರೆ ಅಂಗಡಿ ಅಂದರೇನು ಅಂತ ಮಗುವಿಗೆ ಗೊತ್ತು. ‘ಅ’ ಓದುತ್ತೆ, ಸೊನ್ನೆ ನೋಡುತ್ತೆ, ‘ಗಡಿ’ ನೋಡುತ್ತೆ, ಬಾಯಿ ತಾನಾಗೇ ‘ಅಂಗಡಿ’ ಅನ್ನುತ್ತೆ. ಗೊತ್ತಿರೋ ಮಾತು ಓದನ್ನ ಕೈಹಿಡಿದು ದಾಟಿಸುತ್ತೆ. ನಾನು ಹೇಳಬೇಕು ಅಂತಿದ್ದದ್ದು ಇಷ್ಟೇ. ಆ ಮಾತು ಮಗುವಿನ ಹತ್ತಿರ ಇಲ್ಲದಿದ್ದರೆ ಸದ್ದು ಎಷ್ಟು ಕೂಡಿಸಿದರೂ ದಡ ಸೇರೋದಿಲ್ಲ.

ತಮ್ಮ: ಇದು ಕನ್ನಡ ಮೊದಲು ಅನ್ನೋ ಮಾತನ್ನೇ ಸುತ್ತಿ ಬಳಸಿ ಹೇಳ್ತಿರೋ ಹಾಗಿದೆ.

ಅಕ್ಕ: ಸುತ್ತಿ ಬಳಸಿ ಯಾಕೆ ಹೇಳಲಿ, ನೇರವಾಗೇ ಹೇಳ್ತೀನಿ. ಆದರೆ ಮನೆಮಾತೂ ಎಲ್ಲ ಕಡೆ ನೆಟ್ಟಗಿರೋದಿಲ್ಲ. ನಮ್ಮ ಕಡೆ ಹಕಾರ ಬೀಳುತ್ತಲ್ಲ? ಹಾಲು ಅನ್ನೋದು ಆಲು. ಹಕ್ಕಿಯ ಚಿತ್ರ ಕೊಟ್ಟು ಬರಿ ಅಂದರೆ ಮಗು ‘ಅಕ್ಕಿ’ ಅಂತ ಬರೆಯುತ್ತೆ. ಅದರ ಮನೆಯಲ್ಲಿ ಎರಡಕ್ಕೂ ಒಂದೇ ಸದ್ದು. ಕೇಳಿದ್ದನ್ನ ಸರಿಯಾಗೇ ಬರೆದಿದೆ. ಆಗ ಎರಡು ಚಿತ್ರ ಪಕ್ಕಪಕ್ಕ ಇಟ್ಟು, ಮನೆಯ ಮಾತನ್ನ ತಪ್ಪು ಅನ್ನದೆ, ಪುಸ್ತಕದಲ್ಲಿ ಹೀಗೆ ಬರೀತಾರೆ ಅಂತ ತೋರಿಸಬೇಕು. ತಾಳ್ಮೆ ಬೇಡುತ್ತೆ.

ತಮ್ಮ: ಸರಿ, ಇಂಗ್ಲಿಷಿಗೆ ಬಾ. ನಿಮ್ಮಲ್ಲೂ ಇಂಗ್ಲಿಷ್ ಮಾಧ್ಯಮದ ಸೆಕ್ಷನ್ ಬಂತಲ್ಲ.

ಅಕ್ಕ: 2019ರಲ್ಲಿ ರಾಜ್ಯದ ಸಾವಿರ ಶಾಲೆಗಳಲ್ಲಿ ಶುರು ಮಾಡಿದರು, ಆಮೇಲೆ ಇನ್ನಷ್ಟು ಶಾಲೆಗೆ ಬಂತು. ಹತ್ತಿರದ ಒಂದು ಶಾಲೆಗೆ ಹೋಗಿದ್ದೆ. ಒಬ್ಬ ಹುಡುಗ ಎದ್ದು ನಿಂತು ‘ದ ಹೆನ್ ಈಸ್ ಇನ್ ದ ಪೆನ್’ ಅಂತ ಒಂದು ತಪ್ಪಿಲ್ಲದೆ ಓದಿದ. ಸದ್ದು ಕೂಡಿಸೋದು ಚೆನ್ನಾಗಿ ಬಂದಿತ್ತು. ಪೆನ್ ಅಂದರೇನಪ್ಪ ಅಂದೆ. ಜೇಬಿಂದ ಪೆನ್ನು ತೆಗೆದು ತೋರಿಸಿದ. ಕೋಳಿ ಗೂಡು ಅವನ ಮನೆಯ ಹಿತ್ತಲಲ್ಲೇ ಇದೆ, ಅದಕ್ಕೆ ಆ ಹೆಸರಿದೆ ಅಂತ ಅವನಿಗೆ ಯಾರೂ ಹೇಳಿಲ್ಲ. ಪೆನ್ನಿನೊಳಗೆ ಕೋಳಿ ಹೇಗೆ ಕೂತಿತು ಅಂತ ಅವನಿಗೆ ಅನುಮಾನವೂ ಬರಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ಓದಿದ್ದಕ್ಕೆ ಅರ್ಥ ಇರಬೇಕು ಅನ್ನೋ ನಿರೀಕ್ಷೆಯೇ ಆ ಮಗುವಿಗಿಲ್ಲ.

ತಮ್ಮ: ಸ್ಕಾಟ್ಲೆಂಡಿನ ಒಂದು ಅಧ್ಯಯನ ನೆನಪಾಯ್ತು. ಕ್ಲ್ಯಾಕ್‌ಮನನ್‌ಶೈರ್ ಅನ್ನೋ ಜಿಲ್ಲೆಯಲ್ಲಿ 300ರಷ್ಟು ಮಕ್ಕಳನ್ನ ಏಳು ವರ್ಷ ಹಿಂಬಾಲಿಸಿದರು. ಫೋನಿಕ್ಸ್ ಪರವಾಗಿ ಎಲ್ಲರೂ ಎತ್ತಿ ತೋರಿಸೋದು ಅದನ್ನೇ. 2005ರಲ್ಲಿ ಫಲಿತಾಂಶ ಬಂತು. ಪದ ಓದೋದರಲ್ಲಿ ಆ ಮಕ್ಕಳು ತಮ್ಮ ವಯಸ್ಸಿಗಿಂತ ಮೂರೂವರೆ ವರ್ಷ ಮುಂದಿದ್ದರು. ಅರ್ಥ ಮಾಡಿಕೊಳ್ಳೋದರಲ್ಲಿ ಮುಂದಿದ್ದದ್ದು ಮೂರೂವರೆ ತಿಂಗಳು.

ಅಕ್ಕ: ವರ್ಷ ಅಲ್ಲಿ, ತಿಂಗಳು ಇಲ್ಲಿ! ಅದೂ ಇಂಗ್ಲಿಷನ್ನೇ ಮನೆಯಲ್ಲಿ ಆಡೋ ಮಕ್ಕಳು. ನಮ್ಮವರ ಗತಿ ಏನು ಹೇಳು. 1986ರಲ್ಲಿ ಗಾಫ್, ಟನ್ಮರ್ ಅನ್ನೋ ಇಬ್ಬರು ಒಂದು ಲೆಕ್ಕ ಕೊಟ್ಟಿದಾರೆ. ನಮ್ಮ ತರಬೇತಿಯಲ್ಲಿ ಒಬ್ಬರು ಬೋರ್ಡಿನ ಮೇಲೆ ಬರೆದಿದ್ದರು. ಅಕ್ಷರ ಬಿಡಿಸೋ ಶಕ್ತಿಯನ್ನ ಭಾಷೆ ತಿಳಿಯೋ ಶಕ್ತಿಯಿಂದ ಗುಣಿಸಿದರೆ ಬರೋದು ಓದು. ಕೂಡಿಸೋದಲ್ಲ, ಗುಣಿಸೋದು. ಒಂದು ಸೊನ್ನೆಯಾದರೆ ಇನ್ನೊಂದು ನೂರಿದ್ದರೂ ಉತ್ತರ ಸೊನ್ನೆ. ಬರೀ ಅಕ್ಷರ ಬಿಡಿಸೋದನ್ನ ಮಾರೋ ಕ್ಲಾಸು ನಿನಗೆ ಲೆಕ್ಕದ ಅರ್ಧ ಮಾತ್ರ ಮಾರ್ತಿದೆ. 2021ರಲ್ಲಿ ಬಂದ ಕೇಂದ್ರದ ನಿಪುಣ್ ಭಾರತ್ ಯೋಜನೆಯೂ ಮೂರನೇ ಕ್ಲಾಸಿನೊಳಗೆ ಅರ್ಥ ಮಾಡಿಕೊಂಡು ಓದಬೇಕು ಅಂತಲೇ ಗುರಿ ಇಟ್ಟಿರೋದು, ಬರೀ ಗಟ್ಟಿಯಾಗಿ ಓದಬೇಕು ಅಂತಲ್ಲ.

ತಮ್ಮ: ಹಾಗಂತ ಇಂಗ್ಲಿಷ್ ಫೋನಿಕ್ಸ್ ಬಿಡಿಸಿಬಿಡಲಾ?

ಅಕ್ಕ: ಬೇಡ. ಇಂಗ್ಲಿಷ್ ಓದೋಕೆ ಅದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಸರಿಯಾಗಿ ಹೇಳಿಕೊಡೋರು ಬೇಕಷ್ಟೆ. ಈಗ ಕಹಾಟಹಕ್ಕೆ ಬರ್ತೀನಿ. ನಮ್ಮವರ ಬಾಯಲ್ಲಿ ವ್ಯಂಜನ ಒಂಟಿಯಾಗಿ ನಿಲ್ಲೋದಿಲ್ಲ, ಜೊತೆಗೆ ಒಂದು ಅಕಾರ ಬಂದೇ ಬರುತ್ತೆ. ಅದಕ್ಕೇ ಟೀಚರು ‘ಕಹ’ ಅಂತಾರೆ. ಆದರೆ ನಮ್ಮ ಲಿಪಿಯಲ್ಲೇ ಅದಕ್ಕೆ ಔಷಧಿ ಇದೆ. ‘ಬೆಕ್ಕು’ ಅನ್ನು. ಬೆಕ್... ಅಲ್ಲೇ ನಿಲ್ಲಿಸು. ಆ ‘ಕ್’ ಬೇಕು. ‘ಕಟ್ಟು’ ಅನ್ನು, ಕಟ್... ಆ ‘ಟ್’ ಬೇಕು. ಈಗ ಕೂಡಿಸು. ಕ್, ಆ್ಯ, ಟ್.

ತಮ್ಮ: ಕ್ಯಾಟ್! ಅಯ್ಯೋ, ಇಷ್ಟೇನಾ?

ಅಕ್ಕ: ಇಷ್ಟೇ. ಇನ್ನೂ ಸುಲಭ ಮಾಡಬೇಕು ಅಂದರೆ ಕ್, ಟ್, ಬ್‌ನಿಂದ ಶುರು ಮಾಡಬೇಡ. ಅವು ಒಂದು ಕ್ಷಣಕ್ಕೆ ಸಿಡಿದು ಮುಗೀತವೆ, ಎಳೆಯೋಕೆ ಬರೋದಿಲ್ಲ. ಎಳೆಯೋಕೆ ಬರೋವನ್ನ ಮೊದಲು ಹಿಡಿ. ಮ್ಮ್ಮ್... ಆ್ಯ... ನ್ನ್ನ್. ಉಸಿರು ಬಿಡದೆ ಎಳೀತಾ ಹೋದರೆ ‘ಮ್ಯಾನ್’ ತಾನಾಗೇ ಬಂದುಬಿಡುತ್ತೆ. ‘ಸನ್’ ಬರುತ್ತೆ, ‘ರನ್’ ಬರುತ್ತೆ. ಆಮೇಲೆ ಕ್ಯಾಟ್‌ಗೆ ಬರಲಿ.

ತಮ್ಮ: ‘ಆ್ಯ’ ಅನ್ನೋ ಸದ್ದು ಕನ್ನಡದಲ್ಲಿ ಇಲ್ಲ, ಅದಕ್ಕೇ ಕಷ್ಟ ಅಂತ ಅಲ್ಲಿನ ಮಿಸ್ಸು ಹೇಳಿದರು.

ಅಕ್ಕ: ಆ ಮಿಸ್ಸು ಹಳ್ಳಿ ಕಡೆ ಬಂದಿಲ್ಲ ಅಂತ ಕಾಣುತ್ತೆ. ನಮ್ಮಜ್ಜಿ ಏನಂತಿದ್ದರು? ‘ಬ್ಯಾಡ ಕಣ್ಮಗ, ಮ್ಯಾಲೆ ಹತ್ತಬ್ಯಾಡ.’ ಆ ‘ಬ್ಯಾಡ’ದಲ್ಲಿರೋದೇ ‘ಬ್ಯಾಟ್’ನಲ್ಲೂ ಇರೋದು. ಬ್ಯಾಳೆ, ಬ್ಯಾಸಗಿ ಅನ್ನೋ ಉತ್ತರದ ಕಡೆಯ ಮಗುವಿಗಂತೂ ಅದು ಹಾಲು ಕುಡಿದಷ್ಟು ಸುಲಭ. ಶಾಲೆಗೆ ಬಂದ ಮೇಲೆ ‘ಬೇಡ ಅನ್ನಬೇಕು’ ಅಂತ ತಿದ್ದಿ ತಿದ್ದಿ ಅದನ್ನ ಓಡಿಸ್ತೀವಿ, ಆಮೇಲೆ ದುಡ್ಡು ಕೊಟ್ಟು ಕಲಿಸ್ತೀವಿ.

ತಮ್ಮ: ಪುಟ್ಟಿ ಕೊನೆಯಲ್ಲಿ ಒಂದು ಉಕಾರ ಸೇರಿಸ್ತಾಳೆ. ‘ಕ್ಯಾಟು’, ‘ಮ್ಯಾನು’. ನನ್ನ ಹೆಂಡತಿಗೆ ಅದು ಕೇಳಿದರೆ ಮೈ ಉರಿಯುತ್ತೆ.

ಅಕ್ಕ: ಬಸ್ಸು, ಕಾರು, ಪೆನ್ನು ಅಂತ ನಾವೆಲ್ಲ ಹೇಳ್ತೀವಿ, ಬಸ್ಸು ನಿಲ್ಲಲ್ವಾ? ಓದು ಕಲಿಯೋ ವಯಸ್ಸಿನಲ್ಲಿ ಉಚ್ಚಾರಣೆ ತಿದ್ದೋಕೆ ಕೂತರೆ ಮಗು ಬಾಯೇ ತೆರೆಯೋದಿಲ್ಲ. ‘ಕ್ಯಾಟು’ ಅಂದು ಬೆಕ್ಕಿನ ಕಡೆ ಬೆರಳು ತೋರಿಸಿದರೆ ಅವಳು ಓದಿದ ಹಾಗೇ. ಅಲ್ಲಿಗೆ ಬಿಡು.

ತಮ್ಮ: ಇನ್ನು ‘ಸೆಡ್’, ‘ವಾಸ್’, ‘ಒನ್’ ಥರದವು? ಅವಕ್ಕೆ ಸದ್ದು ಪೂರ್ತಿ ಹೊಂದೋದಿಲ್ಲ.

ಅಕ್ಕ: ಅವನ್ನೂ ಪೂರ್ತಿ ಬಾಯಿಪಾಠ ಮಾಡಿಸಬೇಕಿಲ್ಲ. ‘ಸೆಡ್’ನಲ್ಲಿ ಮೊದಲಿನ, ಕೊನೆಯ ಅಕ್ಷರ ತಮ್ಮ ಸದ್ದನ್ನೇ ಮಾಡ್ತವೆ, ನಡುವಿನ ತಂಟೆಯ ಭಾಗ ಮಾತ್ರ ನೆನಪಿಟ್ಟುಕೊಂಡರೆ ಸಾಕು. ಫೋನಿಕ್ಸಿನವರೂ ಅವನ್ನ ಬೇರೆ ಪಟ್ಟಿ ಮಾಡಿ ಕಲಿಸ್ತಾರೆ.

ತಮ್ಮ: ಹಾಗಾದರೆ ನಾನು ಮಾಡಬೇಕಾದ್ದೇನು? ನನಗೆ ಸಿಗೋದು ರಾತ್ರಿ ಅರ್ಧ ಗಂಟೆ.

ಅಕ್ಕ: ಕನ್ನಡ ಫೋನಿಕ್ಸ್ ಕ್ಲಾಸಿಗೆ ಕಟ್ಟಬೇಕು ಅಂತಿದ್ದ ದುಡ್ಡು ಉಳಿಸು. ರ, ಗ, ಸ, ದ, ಅ ಬರೆದು ಐದು ಚೀಟಿ ಮಾಡು, ಹಾಲ್‌ನ ನೆಲದ ಮೇಲೆ ಹರಡು, ಅವಳೇ ಜೋಡಿಸಿ ಓದಲಿ. ನಡುನಡುವೆ ಅರ್ಥವಿಲ್ಲದ್ದೂ ಬರುತ್ತೆ, ‘ದಗರ’, ‘ಸಗದ’ ಅಂತ. ನಗಲಿ, ಇಂಗ್ಲೆಂಡಿನವರು ಅದಕ್ಕೇ ಪರೀಕ್ಷೆ ಇಟ್ಟಿದಾರೆ! ಆಮೇಲೆ ಕತೆ ಓದಿ ಹೇಳು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಪುಕ್ಕಟೆ ಸಿಗ್ತವೆ, ಅದೇ ಕತೆ ಇಂಗ್ಲಿಷಿನಲ್ಲೂ ಇರುತ್ತೆ. ಕನ್ನಡದಲ್ಲಿ ಕೇಳಿ ಗೊತ್ತಿರೋ ಕತೆಯನ್ನ ಇಂಗ್ಲಿಷಿನಲ್ಲಿ ಓದಿದರೆ ಪೆನ್ನಿನೊಳಗೆ ಕೋಳಿ ಕೂರೋದಿಲ್ಲ.

ತಮ್ಮ: ಶನಿವಾರದ್ದು?

ಅಕ್ಕ: ಬರೋ ಶನಿವಾರ ನೀನೂ ಒಳಗೆ ಕೂತು ಕೇಳು. ಕೂರೋಕೆ ಬಿಡೋದಿಲ್ಲ ಅಂದರೆ ಬಾಗಿಲ ಹತ್ತಿರ ನಿಂತು ಕೇಳು. ಮಿಸ್ಸು ‘ಕ್’ ಅಂದರೆ ಮುಂದುವರಿಸು. ‘ಕಹ’ ಅಂದರೆ ಒಂದು ಸಲ ಮೆತ್ತಗೆ ಹೇಳಿ ನೋಡು. ತಿದ್ದಿಕೊಳ್ಳದಿದ್ದರೆ ಆ ತಿಂಗಳಿಗೇ ಬಿಡಿಸು.